ಸ್ಪೀಕರ್ ಎದುರಿನ ಕಿಟಕಿ

ಡಿಸೆಂಬರ್ 17, ಬುಧವಾರ

ಧನುರ್ಮಾಸದ ಎರಡನೇ ದಿನ. ಭಜನೆ ಮುಗಿಸಿ, ಹುಗ್ಗಿ ಹಂಚಿ, ಗುಡಿಯಿಂದ ಬರುವಾಗ ಎಂದಿನಂತೆ ಬೋರ್ಡು ನೋಡಿದೆ. ಚಟವಾಗಿಬಿಟ್ಟಿದೆ. ವಿಶ್ವವಿದ್ಯಾಲಯದ ಸಾರ್ವಜನಿಕ ವ್ಯವಹಾರ ವಿಭಾಗ ಅಂತೆ. ನಮ್ಮ ರಸ್ತೆಗೆ ಬಂದು ಒಂದು ವರ್ಷವಾಯಿತು. ಸಾರ್ವಜನಿಕ ಎಂದರೆ ನಾವೇ ತಾನೆ? ನಮ್ಮ ವ್ಯವಹಾರ ಇವರಿಗೆ ಯಾಕೆ ಎಂದು ಮೊದಲಿಂದ ಕುತೂಹಲ.

ಬೋರ್ಡಿನ ಎಡಗಡೆ ‘ಸುದ್ದಿ’. ಯಾರೋ ಮೇಷ್ಟ್ರು ಜರ್ಮನಿಗೆ ಹೋಗಿ ಬಂದರಂತೆ. ಹೋಗಿ ಬಂದದ್ದೂ ಸುದ್ದಿ! ಬಲಗಡೆ ‘ಮುಂದಿನ ಕಾರ್ಯಕ್ರಮಗಳು’. ಶುಕ್ರವಾರ ಫುಟ್‌ಪಾತ್ ಬಗ್ಗೆ ಉಪನ್ಯಾಸ. ಕೆಳಗೆ — ಎಲ್ಲರಿಗೂ ಸ್ವಾಗತ.

ಎಲ್ಲರಿಗೂ ಎಂದರೆ? ಹಳ್ಳಿಯಲ್ಲಿ ಏಳನೇ ಕ್ಲಾಸು ಓದಿದವರಿಗೂ?

ಇವರನ್ನು ಕೇಳಿದೆ. ಅಂಗಡಿಗೆ ಹೊರಟಿದ್ದರು. “ಹಂಗೆ ಬರೀತಾರೆ ಕಣೆ. ಮದುವೆ ಕಾರ್ಡಲ್ಲಿ ಬಂಧುಮಿತ್ರರೆಲ್ಲ ಬನ್ನಿ ಅಂತ ಹಾಕ್ತಾರೆ, ಎಲ್ಲಾ ಹೋಗ್ತಾರಾ?”

ಇವರು ಎಲ್ಲಾ ಮದುವೆಗೂ ಹೋಗುತ್ತಾರೆ. ಪಾತ್ರೆ ವ್ಯಾಪಾರ.

ಡಿಸೆಂಬರ್ 19, ಶುಕ್ರವಾರ

ಹೋದೆ! ಯಾರೂ ತಡೆಯಲಿಲ್ಲ. ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತೆ. ಎಸಿ — ಚಳಿಗಾಲದಲ್ಲಿ ಎಸಿ ಯಾಕೋ. ಮಾತು ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಅರ್ಧ ತಿಳಿಯಿತು.

ಮುಗಿದ ಮೇಲೆ ಟೀ, ಬಿಸ್ಕತ್ತು. ಒಬ್ಬಳು ಹುಡುಗಿ ಬಂದು ಮಾತಾಡಿಸಿದಳು. ಮೇಘಶ್ರೀ ಎಂದು ಹೆಸರು, ಅಲ್ಲೇ ಎಂ.ಎ. ಓದುತ್ತಾಳೆ. “ಆಂಟಿ, ಇಲ್ಲೇ ಮನೇನಾ? ನಮ್ಮ ಪ್ರಾಜೆಕ್ಟಿಗೆ ಸೇರ್ಕೊಳ್ತೀರಾ? ಏರಿಯಾದಲ್ಲಿ ಎಲ್ಲೆಲ್ಲಿ ಎಷ್ಟು ಸದ್ದು ಅಂತ ಅಳೀತಿದ್ದೀವಿ.”

ಸದ್ದನ್ನು ಅಳೆಯುವುದು ಹೇಗಮ್ಮ, ಅದೇನು ಹಾಲೇ ಎಂದೆ. ನಕ್ಕು ನನ್ನ ಫೋನಿಗೆ ಏನೋ ಹಾಕಿಕೊಟ್ಟಳು. ಮುಳ್ಳು ಕುಣಿಯುತ್ತದೆ, ನಂಬರ್ ಬರುತ್ತದೆ. ಅಳೆದು, ಜಾಗದ ಹೆಸರು ಹಾಕಿ ಕಳಿಸಬೇಕು. ಜನವರಿ ಹತ್ತಕ್ಕೆ ದೊಡ್ಡ ನಕ್ಷೆ ಮಾಡಿ ಎಲ್ಲರ ಮುಂದೆ ತೋರಿಸಿ ಚರ್ಚೆಯಂತೆ.

ಡಿಸೆಂಬರ್ 20, ಶನಿವಾರ

ಇವತ್ತು ಅಡುಗೆ ಕೆಟ್ಟಿತು. ಅಳೆದದ್ದೇ ಅಳೆದದ್ದು.

ಮಿಕ್ಸಿ 86. ಕುಕ್ಕರ್ ಸೀಟಿ ಅದರ ಹತ್ತಿರ ಹತ್ತಿರ. ಸೊಪ್ಪಿನ ಮುನಿಯಣ್ಣ ಗೇಟಿನ ಹತ್ತಿರ ಕೂಗಿದಾಗ 79 — “ಏನಕ್ಕಾ, ಫೋಟೋ ತೆಗೀತಿದ್ದೀರಾ? ತಾಳಿ, ತಲೆ ಬಾಚ್ಕೊಂಡ್ ಬರ್ತೀನಿ” ಎಂದ. ಇವರ ಮಧ್ಯಾಹ್ನದ ಗೊರಕೆ 61. ತೋರಿಸಿದೆ. “ಮೆಷಿನ್ನು ಸರಿಯಿಲ್ಲ” ಎಂದರು.

ಲಿಂಗಪೂಜೆ ಮಾಡುವಾಗ ಫೋನು ಪಕ್ಕದಲ್ಲಿಟ್ಟೆ. ತಪ್ಪೋ ಏನೋ. ಮುಳ್ಳು ಏಳಲೇ ಇಲ್ಲ.

ಡಿಸೆಂಬರ್ 23, ಮಂಗಳವಾರ

ಮೇಘಶ್ರೀ ಗೇಟಿನಲ್ಲಿ ಸಿಕ್ಕಳು. “ಆಂಟಿ, ನೀವು ಕಳಿಸಿರೋದೇ ಜಾಸ್ತಿ! ಆದ್ರೆ ಆರು ಗಂಟೆಗೆ ಮುಂಚೆ ಯಾರದ್ದೂ ಒಂದೂ ಇಲ್ಲ. ಎಲ್ಲಾ ಮಲಗಿರ್ತಾರೆ.”

ನಾನು ಮಲಗಿರುವುದಿಲ್ಲ ಎಂದೆ. ಆಮೇಲೆ ಹೊಳೆಯಿತು. ಆ ಹೊತ್ತಿಗೆ ನಾನು ಗುಡಿಯೊಳಗೆ ಮೈಕಿನ ಮುಂದೆ. ಐದಕ್ಕೆ ಶುರು ಮಾಡಿದರೆ ಆರೂಕಾಲು.

ಒಳಗೆ ಸ್ಪೀಕರ್ ಇಲ್ಲ. ಎರಡೂ ಮೇಲೆ, ಹೊರಕ್ಕೆ ಮುಖ. ಹೋದ ವರ್ಷ ಇವರೇ ಚಂದಾ ಎತ್ತಿ ಹಾಕಿಸಿದ್ದು, ಕಮಿಟಿ ಸೆಕ್ರೆಟರಿ. “ನೀನು ಹಾಡಿದ್ದು ಬಸ್ ಸ್ಟ್ಯಾಂಡ್‌ವರೆಗೂ ಕೇಳ್ಬೇಕು” ಎಂದಿದ್ದರು. ಮದುವೆಯಾದಾಗಿನಿಂದ ಬಾಯಿಬಿಟ್ಟು ಹೊಗಳಿದವರಲ್ಲ. ಸ್ಪೀಕರ್ ಹಾಕಿಸಿದರು.

ನನ್ನ ಹಾಡು ಹೊರಗೆ ಹೇಗೆ ಕೇಳುತ್ತದೆ? ನಾನು ಕೇಳೇ ಇಲ್ಲ.

ಮೈಕ್ ನೋಡಿಕೊಳ್ಳುವ ಸೋಮನಾಥನಿಗೆ ಫೋನು ಮಾಡಿದೆ — ನಾಳೆ ಹೋದ ವರ್ಷ ರೆಕಾರ್ಡ್ ಮಾಡಿದ್ದನ್ನು ಹಾಕಪ್ಪ. “ಯಾಕಕ್ಕ, ಗಂಟ್ಲು ಕಟ್ಟಿದ್ಯಾ?” ಹೂಂ ಎಂದೆ. ಶಿವ ಶಿವಾ, ಸುಳ್ಳು.

ಡಿಸೆಂಬರ್ 24, ಬುಧವಾರ

ಐದಕ್ಕೆ ಹೊರಟೆ. ಮಂಜು. ನಮ್ಮ ಮನೆ ತಿರುವಿನಲ್ಲಿ ಬಹಳ ಇಂಪಾಗಿತ್ತು. ಯಾರೋ ಪುಣ್ಯಾತ್ಗಿತ್ತಿ ಹಾಡುತ್ತಿದ್ದಾಳೆ ಅನ್ನುವ ಹಾಗೆ. ನಿಂತು ಕೇಳಿದೆ. ಹಿಗ್ಗಿದೆ, ಸುಳ್ಳೇಕೆ.

ಗುಡಿಯ ಹತ್ತಿರ ಹೋದ ಹಾಗೆ ಮುಳ್ಳು ಏರಿತು. ಗುಡಿ ಎದುರಿನ ಮನೆಯ ಕೆಳಗೆ ನಿಂತಿದ್ದೆ. ಮೊದಲ ಮಹಡಿ ಮೆಟ್ಟಿಲ ಮೇಲೆ ಶಾಲು ಹೊದ್ದು ಒಬ್ಬಳು ಕೂತಿದ್ದಳು.

“ಯಾರ್ರೀ ಅದು?”

“ಸದ್ದು ಅಳೀತಿದ್ದೀನಮ್ಮ. ಆ ಕಾಲೇಜಿನೋರು ಹೇಳಿದ್ರು.”

“ಕೆಳಗ ನಿಂತು ಏನ್ ಅಳೀತೀರಿ? ಮ್ಯಾಲ ಬರ್ರಿ, ಇಲ್ಲಿ ಅಳೀರಿ.”

ಬಾಗಲಕೋಟೆ ಕಡೆಯವಳು, ರಾಜಶ್ರೀ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಪಾಳಿ ಮುಗಿಸಿ ಮನೆಗೆ ಬಂದು ಮಲಗುವಷ್ಟರಲ್ಲಿ ನಾಲ್ಕು. ರೂಮಿನ ಕಿಟಕಿಗೆ ಸ್ಪೀಕರ್ ನೇರ, ಕೈ ಚಾಚಿದರೆ ಸಿಕ್ಕೀತೇನೋ. ಹಾಸಿಗೆ ಅಡುಗೆಮನೆಯಲ್ಲಿತ್ತು, ಗ್ಯಾಸ್ ಸಿಲಿಂಡರ್ ಪಕ್ಕ. ಅಲ್ಲಿ ಸ್ವಲ್ಪ ಕಡಿಮೆಯಂತೆ.

ಕಿಟಕಿಯಲ್ಲಿ ಫೋನು ಹಿಡಿದೆ. 94. ನನ್ನ ಮಿಕ್ಸಿಗಿಂತ ಹೆಚ್ಚು.

ನಂಬರ್ ಹೋಗಲಿ. ಅದು ಹಾಡೇ ಅಲ್ಲ. ತಗಡು ಕೆರೆದ ಹಾಗೆ. ಮಾತು ಒಂದೂ ತಿಳಿಯಲಿಲ್ಲ. ನಾನೇ ಹಾಡಿದ್ದು, ನನಗೇ ತಿಳಿಯಲಿಲ್ಲ. ಶಿವ ಎಂದದ್ದೂ.

ಅವಳು ಕಿವಿಯ ಹತ್ತಿರ ಬಂದು ಕೂಗಿ ಹೇಳಿದಳು: “ಈ ಹಾಡೂ ಅಕ್ಕಾರು ಯಾರೋ ಏನೋ, ಒಂದಿನಾನೂ ಸೂಟಿ ಇಲ್ಲ ನೋಡ್ರಿ. ನೆಗಡಿನೂ ಬರಂಗಿಲ್ಲೇನ್ರಿ ಅಕಿಗೆ?”

ನಾನು ಮಾತು ತಿರುಗಿಸಿದೆ.

“ಮನೆ ಓನರ್‌ಗೆ ಹೇಳ್ಲಿಲ್ವಾ?”

“ಹೇಳಿದ್ನಿರಿ. ಮಲಗಿದಲ್ಲೇ ಪುಣ್ಯ ಬರ್ತದಲ್ಲ, ಮತ್ತೇನು ಬೇಕು ಅಂದ್ರು.” ನಕ್ಕಳು. “ದೇವರಿಗೆ ನಾ ಏನೂ ಅನ್ನಂಗಿಲ್ರಿ. ನಮ್ಮವ್ವನೂ ಊರಾಗ ಭಜನಿ ಮಾಡ್ತಾಳ. ಆದ್ರ ಇಲ್ಲಿ ಏನ್ ಹಾಡಾಕತ್ತಾರ ಅಂತನ ತಿಳಿಯಂಗಿಲ್ಲ. ತಿಳಿದಿದ್ರ ನಾನೂ ಸಂಗಾಟ ಹಾಡ್ತಿದ್ನೇನೋ.”

ಟೀ ಮಾಡಿಕೊಟ್ಟಳು. ಕುಡಿದೆ. ಹೇಳಲಿಲ್ಲ.

ಡಿಸೆಂಬರ್ 31, ಬುಧವಾರ

ಗಂಟಲು ನಿಜಕ್ಕೂ ಕಟ್ಟಿದೆ. ಸುಳ್ಳಾಡಿದ್ದಕ್ಕೆ ಶಿವ ಕೊಟ್ಟದ್ದು. ಗುಡಿಗೆ ಹೋಗಿಲ್ಲ. ಆದರೂ ದಿನವೂ ನಾನೇ ಹಾಡುತ್ತಿದ್ದೇನೆ, ಸೋಮನಾಥ ಹಾಕುತ್ತಾನೆ.

ಮನೆಯಲ್ಲಿ ಕೈಯಲ್ಲಿ ಲಿಂಗ ಹಿಡಿದು ಕೂತಾಗ ಮೈಕು ಬೇಕಾಗುವುದಿಲ್ಲ. ಮುಳ್ಳು ಏಳದಿದ್ದರೂ ಅವನಿಗೆ ಕೇಳಿಸುತ್ತದೆ. ಹಾಗಿದ್ದರೆ ಆ ಸ್ಪೀಕರ್ ಯಾರಿಗೆ?

94 ಇನ್ನೂ ಫೋನಿನಲ್ಲೇ ಇದೆ. ಕಳಿಸಿದರೆ ನಕ್ಷೆಯಲ್ಲಿ ಗುಡಿಯ ಮೇಲೆ ಕೆಂಪು ಚುಕ್ಕೆ. ಇವರ ಮುಖ? ಕಳಿಸದಿದ್ದರೆ ಅಡುಗೆಮನೆಯ ಆ ಹಾಸಿಗೆ.

ಜನವರಿ 5, ಸೋಮವಾರ

ಗಂಟಲು ಬಿಟ್ಟಿತು. ಇವತ್ತು ಹಾಡಿದೆ. ಕಣ್ಣು ಮುಚ್ಚಿದರೆ ಶಿವ ಬರಲಿಲ್ಲ, ಸಿಲಿಂಡರ್ ಬಂತು.

ಮನೆಗೆ ಬಂದು ಕಳಿಸಿದೆ.

ಮೇಘಶ್ರೀ ಕೂಡಲೇ ಫೋನ್ ಮಾಡಿದಳು. “ಆಂಟಿ, ಇದು ದೇವಸ್ಥಾನದ್ದು. ಆರಕ್ಕೆ ಮುಂಚೆ ಮೈಕ್ ಹಾಕೋ ಹಾಗಿಲ್ಲ ಅಂತ ರೂಲ್ ಬೇರೆ ಇದೆ, ಚರ್ಚೆ ಆಗತ್ತೆ. ನಿಮಗೆ ತೊಂದ್ರೆ ಆಗಲ್ವಾ? ಬೇಡ ಅಂದ್ರೆ ತೆಗೀತೀನಿ.”

ಇರಲಿ ಬಿಡಮ್ಮ ಎಂದೆ. ಅಳೆದವರ ಹೆಸರು ಹೇಳುವುದಿಲ್ಲವಂತೆ.

ಬೋರ್ಡಿನಲ್ಲಿ ಹಾಕಿದ್ದಾರೆ: ‘ನಮ್ಮ ಬಡಾವಣೆಯ ಸದ್ದು — ನಕ್ಷೆ, ಚರ್ಚೆ. ಎಲ್ಲರಿಗೂ ಸ್ವಾಗತ.’ ಸಂಜೆ ಇವರೂ ಅದರ ಮುಂದೆ ನಿಂತು ಓದುತ್ತಿದ್ದರು. ಎಂದೂ ನೋಡದವರು.

ಜನವರಿ 10, ಶನಿವಾರ, ಸಂಜೆ

ಚರ್ಚೆಗೆ ಹೋಗಿ ಬಂದೆವು.

ಕಮಿಟಿಯವರೆಲ್ಲ ಬಂದರು, ಇವರು ಮುಂದೆ. ಇಸ್ತ್ರಿ ಶರಟು, ಹಣೆ ತುಂಬ ವಿಭೂತಿ. ರಾಜಶ್ರೀಯನ್ನು ನಾನೇ ಕರೆದಿದ್ದೆ. ಬಂದು ಗೋಡೆ ಪಕ್ಕ ಕೂತಳು.

ಗೋಡೆಯಷ್ಟು ದೊಡ್ಡ ನಕ್ಷೆ. ನನ್ನ ಮಿಕ್ಸಿಯೂ ಇತ್ತು, ಮುನಿಯಣ್ಣನೂ. ಜನ ನಕ್ಕರು. ಆಮೇಲೆ ಬೆಳಗಿನ ಜಾವದ ನಕ್ಷೆ. ಒಂದೇ ಚುಕ್ಕೆ. ಕೆಂಪು.

ಇವರು ಎದ್ದರು. “ಯಾರ್ರೀ ಇದನ್ನ ಅಳೆದೋರು?”

“ಹೆಸರು ಹೇಳೋ ಹಾಗಿಲ್ಲ ಸಾರ್,” ಮೇಘಶ್ರೀ.

“ಇದ್ರೆ ತಾನೇ ಹೇಳೋದು! ಗುಡೀಗೆ ಕಾಲಿಡದೋರು ಎಲ್ಲಿಂದಲೋ ಬಂದು ನಂಬರ್ ಹಾಕ್ತಾರೆ. ಅಲ್ಲಿ ಹಾಡೋರ ಭಕ್ತಿ ಗೊತ್ತೇನ್ರಿ ನಿಮಗೆ?”

ಹುಡುಗಿ ನಕ್ಷೆಯ ಕಡೆಗೇ ತಿರುಗಿತು. ನನ್ನ ಕಡೆ ಅಪ್ಪಿತಪ್ಪಿಯೂ ನೋಡಲಿಲ್ಲ. ಅದಕ್ಕೇ ತಡೆಯಲಾಗಲಿಲ್ಲ. ಎದ್ದೆ.

“ನಾನೇ ಅಳೆದದ್ದು.”

ಎಲ್ಲರೂ ತಿರುಗಿದರು. ಇವರು ಕೊನೆಗೆ ತಿರುಗಿದರು.

“ಹಾಡಿದ್ದೂ ನಾನೇ. ಎದುರು ಮನೆ ಕಿಟಕೀಲಿ ನಿಂತು ಕೇಳಿದೆ. ಶಿವನ ಹೆಸರೂ ತಿಳಿಯಲ್ಲ ಅಲ್ಲಿ. ಬರೀ ಕೂಗು.”

ಇವರು ಕೂತರು. ಆಮೇಲೆ ಯಾರು ಏನು ಮಾತಾಡಿದರೋ ನನಗೆ ಕೇಳಲಿಲ್ಲ. ರಾಜಶ್ರೀಗೆ ಹೇಳಿಬಿಟ್ಟಂತಾಯಿತಲ್ಲ ಎಂದು ಆ ಕಡೆ ನೋಡಿದರೆ — ಗೋಡೆಗೆ ತಲೆಯಾನಿಸಿ ನಿದ್ದೆ. ಬಾಯಿ ಸ್ವಲ್ಪ ತೆರೆದಿತ್ತು, ಮಗುವಿನ ಹಾಗೆ. ಅಷ್ಟು ಗಲಾಟೆಯಲ್ಲೂ!

ದಾರಿಯಲ್ಲಿ ಇವರು ಮುಂದೆ, ನಾನು ಹಿಂದೆ. ಊಟಕ್ಕೆ ಬಡಿಸಿದ್ದೇನೆ, ಇನ್ನೂ ಎದ್ದು ಬಂದಿಲ್ಲ.

ಜನವರಿ 11, ಭಾನುವಾರ, ಬೆಳಿಗ್ಗೆ ನಾಲ್ಕೂವರೆ

ಸ್ನಾನ, ಪೂಜೆ ಆಯಿತು. ಸೀರೆ ಉಟ್ಟು ಬಂದರೆ ಇವರು ನಡುಮನೆಯಲ್ಲಿ. ಮಂಕಿ ಕ್ಯಾಪ್, ಸ್ವೆಟರ್, ಕೈಯಲ್ಲಿ ಟಾರ್ಚು. ಈ ಹೊತ್ತಿಗೆ ಎದ್ದದ್ದು ನಾನು ನೋಡಿಲ್ಲ.

“ಯಾವ ಕಿಟಕಿ ಅದು?”

“ಹ್ಞಾಂ?”

“ಕಿವಿ ಕೇಳಲ್ವಾ? ನೀನು ನಿಂತ್ಕೊಂಡು ಕೇಳಿದ ಕಿಟಕಿ. ನಾನೂ ಕೇಳ್ತೀನಿ. ಸುಳ್ಳಾಗಿದ್ರೆ ಆಮೇಲೆ ಐತೆ ನಿನಗೆ.”

“ನಿಜ ಆಗಿದ್ರೆ?”

ಟಾರ್ಚು ಹಾಕಿ ನೋಡಿದರು, ಆರಿಸಿದರು.

ಚಪ್ಪಲಿ ಹುಡುಕುತ್ತಿದ್ದಾರೆ. ಅಷ್ಟರಲ್ಲಿ ಇದು. ಹೇಗೆ ಹಾಡಲಿ ಇವತ್ತು? ಮೆಲ್ಲಗೆ ಹಾಡಿದರೆ ಇವರಿಗೆ ಮೋಸ, ನಾನು ಹೇಳಿದ್ದು ಸುಳ್ಳಾಗುತ್ತದೆ. ಎಂದಿನ ಹಾಗೆ ಹಾಡಿದರೆ ಆ ಹುಡುಗಿ ಈಗ ತಾನೇ ಕಣ್ಣು ಮುಚ್ಚಿರುತ್ತಾಳೆ, ಸಿಲಿಂಡರ್ ಪಕ್ಕ. ಶಿವನೇ, ಅವಳ ಬಾಗಿಲು ತಟ್ಟಿ ಮೊದಲೇ ಹೇಳಿಬಿಡಲೇ, ಆ ಅಕ್ಕಾರು ನಾನೇ ಕಣಮ್ಮ, ಇವತ್ತೊಂದು ದಿನ —

ಗೇಟು ಸದ್ದಾಯಿತು. “ಬರ್ತೀಯೋ ಇಲ್ವೋ?” ಅಂತಿದ್ದಾರೆ. ಬಂದೆ ಬಂ