ಹಿಂದಿನ ಗಾಜಿನ ಪಾಚಿ

ಅಪ್ಪಾ,

ನೀವು ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ನಿಮ್ಮ ಉಪ್ಪುನೀರಿನ ಮೀನಿನ ಟ್ಯಾಂಕ್ ಕ್ಲೀನ್ ಮಾಡಿದೆ. ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ಹವಳದ ಸಂದಿಯ ಕಸವನ್ನು ಸಿರಿಂಜಿನಿಂದ ಎಬ್ಬಿಸಿ, ಪೈಪಿನಲ್ಲಿ ಹೀರಿ ತೆಗೆದೆ. ಪಾಚಿ ಕಟ್ಟಿದ್ದ ನಾಲ್ಕೂ ಗಾಜು ಉಜ್ಜಿದೆ.

ಅಮ್ಮ ಬಂದು ನೋಡಿದಳು. "ಅಯ್ಯೋ, ಹಿಂದಿನ ಗಾಜೂ ಉಜ್ಜಿಬಿಟ್ಯಾ? ಆ ಪಾಚಿ ಬಸವನಹುಳುಗಳ ಊಟ ಕಣೋ. ನಿಮ್ಮಪ್ಪ ಮುಟ್ತಾನೇ ಇರ್ಲಿಲ್ಲ. ಬಡಿಸಿದ ತಟ್ಟೆನೇ ತೊಳೆದಿಟ್ಯಲ್ಲೋ!"

ನನಗೆ ಗೊತ್ತಿರಲಿಲ್ಲ. "ಭಾನುವಾರ ಬಾರೋ, ಟ್ಯಾಂಕ್ ನೋಡ್ಕೊಳ್ಳೋದು ಹೇಳ್ಕೊಡ್ತೀನಿ" ಎಂದು ನೀವು ಹಾಸ್ಟೆಲ್‌ಗೆ ಫೋನ್ ಮಾಡಿದಾಗಲೆಲ್ಲ ನಾನು "ಟೆಸ್ಟ್ ಇದೆ" ಎನ್ನುತ್ತಿದ್ದೆ. ವಾರವಾರವೂ ಅದೆಂಥ ಟೆಸ್ಟ್ ಎಂದು ನೀವು ಒಮ್ಮೆಯೂ ಕೇಳಲಿಲ್ಲ.

ಹುಳುಗಳು ಬೋಳು ಗಾಜಿನ ಮೇಲೆ ಸುತ್ತುತ್ತಲೇ ಇವೆ. ಪಾಚಿ ಮತ್ತೆ ಬರಲು ಎಷ್ಟು ದಿನ ಬೇಕು? ನಾಳೆ ಹಾಸ್ಟೆಲ್‌ಗೆ ಹೊರಡುತ್ತೇನೆ.

ಭಾನುವಾರ ಬರುತ್ತೇನೆ ಅಪ್ಪಾ, ನಿಜವಾಗಿ ಟೆಸ್ಟ್ ಇದ್ದರೂ.