ಐದು ಜನ ಸೇರಿ ಒಂದು ಸೊನ್ನೆ

ನಗರ ವಸತಿ ನೆರವು ಕಚೇರಿಯ ನಿರ್ದೇಶಕರಿಗೆ, ಊರಿನವರೆಲ್ಲ ಓದಲೆಂದು.

ಮಾನ್ಯರೇ,

ನಮ್ಮ ಊರಿನಲ್ಲಿ ಮನೆಯಿಲ್ಲದ ಮಾಜಿ ಸೈನಿಕ ಒಬ್ಬನೂ ಉಳಿದಿಲ್ಲ ಎಂದು ನೀವು ಮೈಕಿನ ಮುಂದೆ ಸಾರಿದ ಹೊತ್ತಿನಲ್ಲೇ ಅಂಥ ಐವರು ನನ್ನ ಲಾಂಡ್ರಿಯ ಬೆಂಚಿನ ಮೇಲೆ ಸಾಲಾಗಿ ಕೂತು, ತಮ್ಮ ಬಟ್ಟೆ ಯಂತ್ರದೊಳಗೆ ಸುತ್ತುವುದನ್ನು ನೋಡುತ್ತಿದ್ದರು. ಅವತ್ತು ಮಂಗಳವಾರ, ಮಾಜಿ ಸೈನಿಕರ ದಿನಾಚರಣೆ. ಗೋಡೆಯ ಟೀವಿಯಲ್ಲಿ ನಿಮ್ಮ ಮುಖ. ಮುಂದೊಂದು ಕೇಕು, ಅದರ ಮೇಲೆ ನೀಲಿ ಕ್ರೀಮಿನಲ್ಲಿ ಬರೆದ ದೊಡ್ಡ ಸೊನ್ನೆ. ನೀವು ಆ ಸೊನ್ನೆಯನ್ನು ಚಾಕುವಿನಿಂದ ಎರಡು ಹೋಳು ಮಾಡಿದಿರಿ, ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಬೆಂಚಿನ ಮೇಲಿದ್ದ ವೆಂಡೆಲ್ ಸ್ಟ್ರೌಡ್, ಎಪ್ಪತ್ತಾರು ವರ್ಷದ ಮುದುಕ, ವಿಯೆಟ್ನಾಮಿಗೆ ಹೋಗಿ ಬಂದವನು, ಪಕ್ಕದವನನ್ನು ತಿವಿದು, "ಲೋ, ನಾವು ಸತ್ತೋದ್ವೇನೋ? ಯಾರೂ ಹೇಳ್ಲೇ ಇಲ್ವಲ್ಲೋ!" ಅಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಈ ಐವರನ್ನು ಎಲ್ಲಿ ಬಚ್ಚಿಟ್ಟು ನೀವು ಲೆಕ್ಕ ಒಪ್ಪಿಸಿದಿರಿ ಎಂದು ಅವತ್ತಿನಿಂದ ಯೋಚಿಸುತ್ತಿದ್ದೇನೆ.

ನಾನು ಯಾರು ಅಂತ ನೀವು ಕೇಳೇ ಕೇಳುತ್ತೀರಿ, ಫಾರಂ ತುಂಬಿಸದೆ ನಿಮ್ಮಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಹೆಸರು ರಮೋನಾ ಆರ್ಚುಲೆಟಾ. ತೊಂಬತ್ತೊಂದರ ಕೊಲ್ಲಿ ಯುದ್ಧದಲ್ಲಿ ಸೈನ್ಯದ ಲಾರಿ ಓಡಿಸಿದವಳು. ಹತ್ತೊಂಬತ್ತು ವರ್ಷದಿಂದ ಹೊಳೆಯ ಸೇತುವೆ ದಾಟಿದ ಕೂಡಲೇ ಸಿಗುವ ಲಾಂಡ್ರಿಯ ಒಡತಿ. ಮಂಗಳವಾರ ಬೆಳಿಗ್ಗೆ ಮಾಜಿ ಸೈನಿಕರಿಗೆ ನಮ್ಮಲ್ಲಿ ಒಗೆತ ಬಿಟ್ಟಿ, ಜೊತೆಗೆ ಕಾಫಿ, ಹಸಿರು ಮೆಣಸಿನಕಾಯಿ ಗೊಜ್ಜು ಸುರಿದ ಬರಿಟೊ ಎಂಬ ರೊಟ್ಟಿಯ ಸುರುಳಿ. ನನ್ನ ದೊಡ್ಡಸ್ತಿಕೆ ಕೊಚ್ಚಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಯಾರ ಪ್ಯಾಂಟಿನಲ್ಲಿ ಹೊಳೆಯ ಮರಳಿದೆ, ಯಾರ ಕಾಲುಚೀಲದಲ್ಲಿ ರಕ್ತವಿದೆ ಎನ್ನುವುದು ನಿಮ್ಮ ಕಂಪ್ಯೂಟರಿಗಿಂತ ನನಗೆ ಚೆನ್ನಾಗಿ ಗೊತ್ತು, ಅದಕ್ಕೆ ಹೇಳಿದೆ.

ಆ ರಕ್ತದ ಕಾಲುಚೀಲ ಡೆಲ್ಬರ್ಟ್ ವಿಹಿಲ್‌ದು. ಈ ಪತ್ರವೂ ಅವನಿಗಾಗಿಯೇ. ಅರವತ್ತೊಂದು ವರ್ಷ. ನಾನು ಲಾರಿ ಓಡಿಸಿದ ಅದೇ ಯುದ್ಧದಲ್ಲಿ ಅವನು ಕಾಲಾಳು ಪಡೆಯ ಸಾರ್ಜೆಂಟ್. ವಾಪಸು ಬಂದು ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ ಇಪ್ಪತ್ತೆರಡು ವರ್ಷ ಬೆವರು ಸುರಿಸಿದ. ಕುಲುಮೆ ಆರಿತು, ಕೆಲಸ ಹೋಯಿತು, ಹೆಂಡತಿ ಹೋದಳು, ಬಾಡಿಗೆ ಮನೆಯೂ ಹೋಯಿತು. ಮೈಯಲ್ಲಿ ಸಕ್ಕರೆ ಕಾಯಿಲೆ ಮಾತ್ರ ಉಳಿಯಿತು. ನಾಲ್ಕು ವರ್ಷ ತನ್ನ ಪಿಕಪ್ ಗಾಡಿಯಲ್ಲೇ ಮಲಗಿದ. ಒಂದೇ ಕಡೆ ಬಹಳ ದಿನ ನಿಲ್ಲಿಸಿದ್ದಾನೆ ಎಂದು ಹೋದ ವಸಂತದಲ್ಲಿ ನಗರದ ಕ್ರೇನು ಅದನ್ನೂ ಎಳೆದುಕೊಂಡು ಹೋಯಿತು. ಅಂದಿನಿಂದ ಹೊಳೆಯ ದಂಡೆಯಲ್ಲಿ ಟೆಂಟು. ಅವನಿಗೆ ಬೇಕಾಗಿರುವುದು ಬಾಗಿಲು ಹಾಕಿಕೊಳ್ಳಲು ಬರುವ ಒಂದು ಬೆಚ್ಚನೆಯ ಕೋಣೆ, ಅಷ್ಟೇ.

ಸೆಪ್ಟೆಂಬರಿನಲ್ಲಿ ನಿಮ್ಮ ಚೀಟಿ ಬಂತು. ಕಚೇರಿಯವರು ನನ್ನ ಲಾಂಡ್ರಿಗೇ ಬರುತ್ತಾರೆ, ಪ್ರಶ್ನೆ ಕೇಳುತ್ತಾರೆ, ಕಷ್ಟ ಹೆಚ್ಚಿದ್ದಷ್ಟೂ ಅಂಕ ಹೆಚ್ಚು, ಅಂಕ ಹೆಚ್ಚಿದ್ದವರಿಗೆ ಮನೆ. ನನಗೆ ಸ್ವರ್ಗ ಮೂರೇ ಗೇಣು. ಹಿಂದಿನ ದಿನವೇ ಐವರ ಅಂಗಿಗಳನ್ನೂ ಒಗೆದು, ಗಂಜಿ ಹಾಕಿ, ಸೈನ್ಯದಲ್ಲಿ ಕಲಿಸಿದ ಹಾಗೆ ಬೆನ್ನಿನ ಮೇಲೆ ಮೂರು ಗೆರೆ ಎದ್ದು ಕಾಣುವಂತೆ ಇಸ್ತ್ರಿ ಮಾಡಿದೆ. ಕೂದಲು ಕತ್ತರಿಸಿದೆ. "ನೋಡ್ರಪ್ಪ, ದೊಡ್ಡೋರು ಬರ್ತಾರೆ, ಮರ್ಯಾದಸ್ಥರ ಥರ ಕಾಣ್ಬೇಕು" ಅಂತ ಬುದ್ಧಿ ಬೇರೆ ಹೇಳಿದೆ. ನನ್ನ ನಾಲಿಗೆಗೆ ಬೆಂಕಿ ಬೀಳ!

ಟ್ಯಾಬ್ಲೆಟ್ ಹಿಡಿದು ಬಂದ ಹೆಂಗಸು ಒಳ್ಳೆಯವಳೇ, ಅವಳ ಮೇಲೆ ನನಗೆ ಸಿಟ್ಟಿಲ್ಲ. ವಯಸ್ಸಾದವರು, ದೊಡ್ಡ ಹುದ್ದೆಯಲ್ಲಿದ್ದವರು ಮೊದಲು ಬರಲಿ ಅಂದಳು. ಡೆಲ್ಬರ್ಟ್ ಅಲ್ಲಾಡಲಿಲ್ಲ. ನಮ್ಮ ಸೈನ್ಯದಲ್ಲಿ ಊಟದ ಸಾಲಿಗೆ ಒಂದು ಪದ್ಧತಿಯಿದೆ: ಹೊಸಬ ಮುಂದೆ, ಹುದ್ದೆ ದೊಡ್ಡದಾದಷ್ಟೂ ಹಿಂದೆ. ಸಾರ್ಜೆಂಟ್ ತನ್ನ ತಟ್ಟೆ ಚಾಚುವುದು ತನ್ನ ಕಡೆಯ ಸೈನಿಕನ ತಟ್ಟೆ ತುಂಬಿದ ಮೇಲೆ. ಪಾತ್ರೆಯ ತಳದಲ್ಲಿ ಏನಿದೆಯೋ ಅದು ಅವನಿಗೆ, ಏನೂ ಇಲ್ಲದಿದ್ದರೆ ನೀರು. ನೀವೂ ಬಲ್ಲಿರಿ, ಆ ಮಾತಿಗೆ ಆಮೇಲೆ ಬರುತ್ತೇನೆ. ಹಾಗಾಗಿ ಮೊದಲು ಹೋದವನು ಆ ಸಾಲಿನಲ್ಲೇ ಕಿರಿಯ, ಅಫ್ಘಾನಿಸ್ತಾನದಿಂದ ಬಂದವನು. ಅವನು, "ನಂದೇನ್ ಬಿಡಿ, ಆ ವೆಂಡೆಲ್ ತಾತನ್ನ ನೋಡಿ ಮೊದ್ಲು" ಅಂದ. ವೆಂಡೆಲ್, "ನಂದು ಮುಗೀತು ಕಣಮ್ಮ, ಆ ಹುಡುಗಂಗೆ ಕೊಡಿ, ಅವನಿನ್ನೂ ಬಾಳಬೇಕು" ಅಂದ. ಇನ್ನಿಬ್ಬರೂ ಹಾಗೆಯೇ ಒಬ್ಬರನ್ನೊಬ್ಬರು ತೋರಿಸಿದರು. ಕಡೆಗೆ ಬಂದವನು ಡೆಲ್ಬರ್ಟ್.

"ಆರೋಗ್ಯದ್ದು ಏನಾದ್ರೂ ತೊಂದ್ರೆ ಇದೆಯಾ ಸರ್?"

"ಎಲ್ಲಾ ಸರಿಯಾಗಿದೆ ಮೇಡಂ."

"ಆರು ತಿಂಗಳಲ್ಲಿ ಆಸ್ಪತ್ರೆಗೇನಾದ್ರೂ ಹೋಗಿದ್ರಾ?"

"ಹೇಳ್ಕೊಳ್ಳೋ ಅಂಥದ್ದೇನಿಲ್ಲ."

"ನಿಮ್ಮ ಕೆಲಸ ಎಲ್ಲಾ ನೀವೇ ಮಾಡ್ಕೋತೀರಾ?"

"ಒಂಬತ್ತು ಜನರನ್ನ ಮರಳುಗಾಡಿಂದ ಜೀವಂತ ಕರ್ಕೊಂಡು ಬಂದೋನು ನಾನು. ನನ್ನೊಬ್ಬನ್ನ ನೋಡ್ಕೊಳಕ್ಕಾಗಲ್ವಾ?"

"ಮತ್ತೆ ಮನೆ ವಿಷಯ..."

"ನನಗಿಂತ ಕಷ್ಟದಲ್ಲಿರೋರು ಇದಾರಲ್ಲ, ಅವರದ್ದೆಲ್ಲ ಆಗ್ಲಿ. ಆಮೇಲೆ ನಾನು."

ನಾನು ಮೂರು ಮಾರು ದೂರದಲ್ಲಿ ದುಪ್ಪಟಿ ಮಡಚುತ್ತಿದ್ದೆ. ಅವನ ಬೂಟಿನೊಳಗೆ ಹಿಮ್ಮಡಿ ಒಡೆದು ಕೀವಾಗಿದೆ ಎನ್ನುವುದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಯಾಕೆ ಗೊತ್ತೇ? ಹೆಮ್ಮೆಯಾಯಿತು ನನಗೆ. ನಮ್ಮ ಸಾರ್ಜೆಂಟ್ ಎಷ್ಟು ಚೆಂದ ಮಾತಾಡಿದ ಅಂತ ಕಣ್ಣಲ್ಲಿ ನೀರು ಬಂತು. ನಾನೂ ಅದೇ ಸಾಲಿನಲ್ಲಿ ಉಂಡವಳಲ್ಲವೇ!

ಅಕ್ಟೋಬರಿನಲ್ಲಿ ನಿಮ್ಮ ಐದು ಲಕೋಟೆ ಬಂದವು, ನನ್ನ ವಿಳಾಸಕ್ಕೇ, ಅವರಿಗೆ ಬೇರೆ ವಿಳಾಸ ಎಲ್ಲಿಯದು? ಐದರಲ್ಲೂ ಅದೇ ವಾಕ್ಯ: "ಸದರಿಯವರು ನೆರವನ್ನು ಸ್ವಇಚ್ಛೆಯಿಂದ ನಿರಾಕರಿಸಿರುತ್ತಾರೆ." ಕೆಳಗೆ ಷರಾ: "ಸ್ವಚ್ಛ, ಇಸ್ತ್ರಿ ಮಾಡಿದ ಉಡುಪು. ಸ್ವಾವಲಂಬಿ." ಇಸ್ತ್ರಿ ಮಾಡಿದವಳು ನಾನು, ಮಾನ್ಯರೇ. ಆ ಕಾಗದ ಹಿಡಿದು ಯಂತ್ರಗಳ ಹಿಂದೆ ಹೋಗಿ ಅತ್ತುಬಿಟ್ಟೆ.

ಅತ್ತು ಮುಗಿಸಿ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ, ನಾನು ಬಂದಾಗಲೆಲ್ಲ ನೀವು ಸಭೆಯಲ್ಲೇ ಇರುತ್ತೀರಿ. ಗಾಜಿನ ಹಿಂದೆ ಕೂತ ಗುಮಾಸ್ತರು ಸಮಾಧಾನವಾಗಿಯೇ ಹೇಳಿದರು: "ಬೇಡ ಅಂದವರು ಲೆಕ್ಕಕ್ಕೆ ಬರಲ್ಲ ಮೇಡಂ."

"ಅವನು 'ಬೇಡ' ಅನ್ಲಿಲ್ಲ ಸ್ವಾಮಿ, 'ಆಮೇಲೆ' ಅಂದ."

"ನಾನೇನು ಮಾಡ್ಲಿ? ನಿಯಮ ಹಾಗಿದೆ" ಎನ್ನುತ್ತಾ ಕೈಪಿಡಿ ತಿರುಗಿಸಿ ತೋರಿಸಿದರು. ಹನ್ನೊಂದನೇ ಪುಟ. ಎರಡು ಸಲ ಓದಿದೆ. "ತನಗಿಂತ ಬೇರೆಯವರಿಗೆ ಹೆಚ್ಚು ಅಗತ್ಯವಿದೆ ಎಂಬರ್ಥದ ಉತ್ತರ ಬಂದಲ್ಲಿ, ಅದನ್ನು ನಿರಾಕರಣೆ ಎಂದು ನಮೂದಿಸತಕ್ಕದ್ದು."

ಈಗ ಹೇಳಿ, ಮಾನ್ಯರೇ. ಈ ಸಾಲು ಕೈಪಿಡಿಯೊಳಗೆ ಹೇಗೆ ಬಂತು? ಯಾವ ಬಡವನೂ, ಯಾವ ಮನೆಯಿಲ್ಲದವನೂ ಸಾಮಾನ್ಯವಾಗಿ ಹೀಗೆ ಉತ್ತರ ಕೊಡುವುದಿಲ್ಲ. ನೀರಲ್ಲಿ ಮುಳುಗುತ್ತಿರುವವನು ಪಕ್ಕದವನನ್ನು ಮೊದಲು ಎತ್ತಿ ಎನ್ನುವುದು ಎಲ್ಲೋ ಸಾವಿರಕ್ಕೊಬ್ಬ. ಆದರೆ ಸೈನ್ಯದಿಂದ ಬಂದವರು ಐದಕ್ಕೆ ಐದೂ ಜನ ಅದನ್ನೇ ಹೇಳುತ್ತಾರೆ. ಅವರು ಹೇಳುವ ಮೊದಲೇ ಆ ಮಾತು ನಿಮ್ಮ ಪುಸ್ತಕದಲ್ಲಿ ಅಚ್ಚಾಗಿ ಕೂತಿತ್ತು. ಇಲಿ ಬರುವ ದಾರಿ ಗೊತ್ತಿದ್ದವರು ಮಾತ್ರ ಅಲ್ಲಿ ಬೋನು ಇಡುತ್ತಾರೆ. ಯಾರಿಗೆ ಗೊತ್ತಿತ್ತು? ಅದೇ ಯೋಚನೆಯಲ್ಲಿ ಹೊರಗೆ ಬರುವಾಗ ನಿಮ್ಮ ಕಚೇರಿಯ ಮೊಗಸಾಲೆಯಲ್ಲಿ ಚಿತ್ರವೊಂದು ಕಣ್ಣಿಗೆ ಬಿತ್ತು. ಸಮವಸ್ತ್ರದಲ್ಲಿ ನೀವು. ಹೆಗಲ ಮೇಲೆ ಕ್ಯಾಪ್ಟನ್‌ನ ಗುರುತು.

ನೀವೂ ಆ ಊಟದ ಸಾಲಿನ ಕಟ್ಟಕಡೆಯಲ್ಲಿ ನಿಂತವರು! "ಹೇಗಿದ್ದೀಯಾ ಸಾರ್ಜೆಂಟ್" ಎಂದರೆ, ಹೊಟ್ಟೆಯೊಳಗೆ ಗುಂಡು ಕೂತಿದ್ದರೂ "ಎಲ್ಲಾ ಸರಿಯಾಗಿದೆ ಸರ್" ಎಂಬ ಉತ್ತರ ಬರುತ್ತದೆ ಎನ್ನುವುದು ನಿಮಗೆ ಗೊತ್ತಿಲ್ಲವೇ? ಗೊತ್ತಿದ್ದೂ ಅದೇ ಪ್ರಶ್ನೆ ಕೇಳಿಸಿದಿರಾ? ಕೈಪಿಡಿಯ ಆ ಸಾಲನ್ನು ನೀವೇ ಬರೆದಿರೋ, ಬೇರೆಯವರು ಬರೆದದ್ದಕ್ಕೆ ಕಣ್ಣುಮುಚ್ಚಿ ರುಜು ಹಾಕಿದಿರೋ, ನನಗೆ ತಿಳಿಯದು. ಸಾಕ್ಷಿಯಿಲ್ಲದೆ ಆಪಾದನೆ ಮಾಡುವವಳು ನಾನಲ್ಲ. ಅನುಮಾನ ಪಡುವುದಕ್ಕೆ ಮಾತ್ರ ಯಾವ ಫಾರಮ್ಮೂ ಬೇಕಿಲ್ಲ. ರಾಜಧಾನಿಯಿಂದ ಬಾಡಿಗೆ ತುಂಬಿಕೊಡುವ ಮನೆಯ ಚೀಟಿಗಳು ಬಂದಿವೆ, ಖಾಲಿ ಕೋಣೆಗಳೂ ಇವೆ, ನಡುವೆ ನಿಮ್ಮ ಹನ್ನೊಂದನೇ ಪುಟ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಮರುಪರಿಶೀಲನೆಗೆ ಅರ್ಜಿ ಕೊಟ್ಟೆ. ಉತ್ತರಕ್ಕೆ ಅರವತ್ತು ದಿನ ಅಂದರು. ಅಲ್ಲಿಯವರೆಗೆ ಡೆಲ್ಬರ್ಟ್ ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಇರಲಿ ಎಂದೆ. ಗುಮಾಸ್ತರು ತಲೆಯೆತ್ತಿದರು. "ಹಾಗ್ ಮಾಡ್ಬೇಡಿ ಮೇಡಂ. ನಿಮ್ಮನೇಲಿ ಮಲಗಿದ್ರೆ ಅವರು ಮನೆಯಿಲ್ಲದವರಾಗಲ್ಲ. ಅರ್ಜಿ ಅಲ್ಲಿಗೇ ಬಿದ್ದೋಗುತ್ತೆ." ಎಂಥ ನ್ಯಾಯ ನೋಡಿ! ಮನೆ ಬೇಕಾದವನು ಮನೆ ಸಿಗುವವರೆಗೆ ಯಾರ ಮನೆಯ ಹೊಸ್ತಿಲನ್ನೂ ತುಳಿಯಕೂಡದು. ನಾನು ಪೆದ್ದಿ, ನಂಬಿದೆ. ಬೆಚ್ಚನೆಯ ಕೋಣೆಯನ್ನು ಖಾಲಿ ಬಿಟ್ಟುಕೊಂಡು ಅವನನ್ನು ಹೊಳೆ ದಂಡೆಗೆ ಕಳಿಸಿದೆ. ನಿಮ್ಮ ಕಾಗದದಲ್ಲಿ ಅವನು ಮನೆಯಿಲ್ಲದವನಾಗಿ ಉಳಿಯಲಿ ಅಂತ ನಾನೇ ಅವನನ್ನು ಹೊರಗೆ ಮಲಗಿಸಿದೆ.

ನೀವು ಕೇಕು ಕತ್ತರಿಸಿದ ಮೂರನೇ ದಿನ ಹಿಮ ಬಿತ್ತು. ಮುಂದಿನ ಮಂಗಳವಾರ ನಾಲ್ವರೇ ಬಂದರು. ನಾನು ಮತ್ತು ವೆಂಡೆಲ್ ಹೋಗಿ ನೋಡಿದರೆ ಡೆಲ್ಬರ್ಟ್ ಟೆಂಟಿನಲ್ಲಿ ಜ್ವರದಿಂದ ಕಂಪಿಸುತ್ತಿದ್ದ. ಬೂಟು ಕಾಲಿಗೆ ಕಚ್ಚಿಕೊಂಡಿತ್ತು, ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆಯಬೇಕಾಯಿತು. ಬೂಟಿನ ನಂತರ ಕಾಲಿನ ಎರಡು ಬೆರಳುಗಳನ್ನೂ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಗಾಯ ಆರು ವಾರ ಒಣಗಿದ ಜಾಗದಲ್ಲಿ ಇರಬೇಕು, ಮತ್ತೆ ಟೆಂಟಿಗೆ ಹೋದರೆ ಪಾದವೇ ಹೋಗುತ್ತದೆ ಎಂದರು. ಬರುವ ಶುಕ್ರವಾರ ಅವನನ್ನು ಬಿಡುಗಡೆ ಮಾಡುತ್ತಾರೆ. ಬಿಡುಗಡೆಯ ಕಾಗದದಲ್ಲಿ ವಿಳಾಸದ ಜಾಗ ಖಾಲಿಯಿದೆ.

ಭಾನುವಾರ ಅವನ ಹಾಸಿಗೆಯ ಪಕ್ಕ ಕೂತೆ. "ಸಾರ್ಜೆಂಟ್, ನಿರ್ದೇಶಕರಿಗೆ ಬರೀತಿದೀನಿ. ಏನ್ ಬೇಕು ಹೇಳು" ಅಂದೆ.

"ವೆಂಡೆಲ್‌ದು ಮೊದ್ಲು ಬರಿ."

"ವೆಂಡೆಲ್‌ನ ಕೇಳಿಲ್ಲ ನಾನು. ನಿನ್ನ ಕೇಳ್ತಿದೀನಿ."

"ನಂದೇನು, ಬೆರಳು ಎಂಟಿದಾವಲ್ಲ, ಸಾಕು."

"ಅಯ್ಯೋ ನಿನ್ನ ಜಂಬಕ್ಕಿಷ್ಟು! ಪಾದ ಹೋಗುತ್ತಂತೆ ಕಣೋ, ಪಾದ! ಈ ಸಾಲಲ್ಲಿ ನಿನ್ ಮುಂದೆ ಯಾರೂ ಇಲ್ಲ ಈಗ. ಎಲ್ಲರದ್ದೂ ಆಯ್ತು ಅಂತ ತಿಳ್ಕೊ. ತಟ್ಟೆ ಚಾಚೋ ಮಾರಾಯ!" ಅಂದೆ. ಜೋರಾಗಿಯೇ ಅಂದೆ, ನರ್ಸಮ್ಮ ಬಾಗಿಲಿಗೆ ಬಂದು ನಿಂತಳು. ಅವನು ಗೋಡೆಯ ಕಡೆ ತಿರುಗಿದ.

ಮಾನ್ಯರೇ, ನನ್ನ ಬೇಡಿಕೆ ದೊಡ್ಡದಲ್ಲ. ಹನ್ನೊಂದನೇ ಪುಟದ ಆ ಸಾಲನ್ನು ಹೊಡೆದುಹಾಕಿ, ಯಾರು ಬರೆದರೆಂದು ಊರಿಗೆ ತಿಳಿಸಿ. ಐವರನ್ನೂ ಮತ್ತೆ ಕೇಳಿ, ನೀವೇ ಬಂದು ಕೇಳಿ, ಒಬ್ಬರ ಕಷ್ಟ ಇನ್ನೊಬ್ಬರಿಂದ ಕೇಳಿದರೆ ನಿಜ ಹೊರಗೆ ಬರುತ್ತದೆ. ಶುಕ್ರವಾರ ಮಧ್ಯಾಹ್ನದೊಳಗೆ ಡೆಲ್ಬರ್ಟ್‌ಗೆ ಮೆಟ್ಟಿಲಿಲ್ಲದ ಒಂದು ಕೋಣೆ ಕೊಡಿ. ಕೊಡದಿದ್ದರೆ ಅವನನ್ನು ನನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ. ಈ ಸಲ ನಿಮ್ಮ ನಿಯಮಕ್ಕೆ ಹೆದರುವುದಿಲ್ಲ. ನಾನು ಹಾಸಿಗೆ ಹಾಸಿಕೊಟ್ಟೆನೆಂಬ ಕಾರಣಕ್ಕೆ ಅವನ ಹೆಸರು ಹೊಡೆಯುವುದಾದರೆ, ಅದನ್ನೂ ಮೈಕಿನ ಮುಂದೆ ನಿಂತೇ ಮಾಡಿ.

ಆದರೆ 'ಅವನು ಕೇಳಲೇ ಇಲ್ಲ' ಎಂದು ಮಾತ್ರ ಇನ್ನು ಹೇಳುವಂತಿಲ್ಲ. ಭಾನುವಾರ ನಾಲ್ಕೂ ಇಪ್ಪತ್ತಕ್ಕೆ, ಗೋಡೆಗೆ ಮುಖ ಮಾಡಿಕೊಂಡೇ, ಆ ಮನುಷ್ಯ ತನ್ನ ಜೀವಮಾನದಲ್ಲಿ ಮೊದಲ ಸಲ ತನಗಾಗಿ ಬಾಯಿ ಬಿಟ್ಟ. ನರ್ಸಮ್ಮ ಸಾಕ್ಷಿ, ಅವಳ ರುಜು ಈ ಪತ್ರದ ಹಿಂದೆ ಇದೆ. ಅವನ ಮಾತನ್ನು ಇದ್ದ ಹಾಗೆಯೇ ಬರೆಯುತ್ತಿದ್ದೇನೆ: "ನಂಗೆ ಚಳಿ ಆಗ್ತಿದೆ ಆರ್ಚುಲೆಟಾ. ನಂಗೊಂದು ಮನೆ ಬೇಕು."

ಇಂತಿ,
ನೀವು ಇಲ್ಲವೆಂದು ಸಾರಿದವರ ಬಟ್ಟೆಯನ್ನು ಈ ಮಂಗಳವಾರವೂ ಒಗೆಯಲಿರುವ,
ರಮೋನಾ ಆರ್ಚುಲೆಟಾ
ಹಿಂದೆ ಸೈನ್ಯದ ಲಾರಿ ಓಡಿಸುತ್ತಿದ್ದವಳು, ಬಾಯಿ ಬಿಡಬೇಕಾದಾಗ ಸುಮ್ಮನಿದ್ದವಳು