ಅಪಘಾತವಿಲ್ಲದ ದಿನಗಳು

ಮಾನ್ಯ ಅಧ್ಯಕ್ಷರೇ,

ಕಾರ್ಖಾನೆ ಗೇಟಿನ ಬಳಿಯ ‘ಅಪಘಾತವಿಲ್ಲದ ದಿನಗಳು’ ಫಲಕದಲ್ಲಿ ದಿನಾ ಅಂಕಿ ಬದಲಿಸುವ ಪೇಂಟರ್ ನಾನು. ಕೆಲಸ ಚುರುಕಾಗಲೆಂದು ನೀವು ಕಾವಲು ಜಾಲರಿ ಕಳಚಿಸಿದ, ತಗಡು ಒತ್ತುವ ಪ್ರೆಸ್ಸು ನಿನ್ನೆ ನನ್ನ ತಮ್ಮನ ಬಲಗೈಯನ್ನು ಮೊಣಕೈವರೆಗೆ ಅರೆದುಹಾಕಿತು. ಮೂಳೆಯ ಸದ್ದು ಕ್ಯಾಂಟೀನಿಗೂ ಕೇಳಿಸಿತು. ಮ್ಯಾನೇಜರರು ರಕ್ತ ದಾಟಿ ಬಂದು, “ಅವನು ರಜೆಯಲ್ಲಿದ್ದ ಕಣಯ್ಯಾ! ನಾಳೆ ಸುರಕ್ಷತಾ ಪ್ರಶಸ್ತಿ. ಸಾವಿರ ಅಂತ ಬರಿ, ಇಲ್ಲಾಂದ್ರೆ ನೀನೂ ಮನೆಗೆ ನಡಿ,” ಎಂದರು. ಎಂಥ ಉದಾರಿಗಳು! ಕೇಳಿದಾಗ ಸಿಗದ ರಜೆ ಕೈ ಹೋದ ಕೂಡಲೇ ಸಿಕ್ಕಿತು.

ಈ ಪತ್ರ ತಲುಪುವಷ್ಟರಲ್ಲಿ ನೀವು ಪತ್ರಕರ್ತರ ಮುಂದೆ ಫಲಕದ ಪರದೆ ಎಳೆದಿರುತ್ತೀರಿ. ನಾನು ಬರೆದದ್ದು ಸೊನ್ನೆ. ಕೆಂಪು ಬಣ್ಣಕ್ಕೆ ಅಂಗಡಿಗೆ ಹೋಗಲಿಲ್ಲ, ಪ್ರೆಸ್ಸಿನಡಿ ಬೇಕಾದಷ್ಟಿತ್ತು.

ದಯವಿಟ್ಟು ಜಾಲರಿ ಇವತ್ತೇ ಹಾಕಿಸಿ. ಆ ಪ್ರೆಸ್ಸಿಗೆ ನಾಳೆಯಿಂದ ತಮ್ಮನ ಹೆಂಡತಿಯನ್ನು ಕರೆದಿದ್ದಾರೆ.

ನಿಮ್ಮ ವಿಧೇಯ,
ಫಲಕದ ಪೇಂಟರ್